ನಾನಿಯ ಬಿಪಿ, ಚೀನಾದ ಸೂಜಿ ಮತ್ತು ನಾವು ಕೇಳದ ಪ್ರಶ್ನೆ

ಕಳೆದ ವರ್ಷ ನಮ್ಮ ಬಡಾವಣೆಯ ಶಾದಿ ಮಹಲ್‌ನಲ್ಲಿ ಒಂದು ಶಿಬಿರ ನಡೆಯಿತು. ‘ಪ್ರಾಚೀನ ಚೀನೀ ಪದ್ಧತಿ, ಮಾತ್ರೆಯಿಲ್ಲದೆ ಬಿಪಿ ಹತೋಟಿಗೆ’ ಎಂಬ ಕರಪತ್ರ ಮನೆಮನೆಗೂ ಬಂದಿತ್ತು. ನನ್ನ ನಾನಿಗೆ ಹನ್ನೊಂದು ವರ್ಷದಿಂದ ಬಿಪಿ ಇದೆ. ದಿನಾ ಬೆಳಿಗ್ಗೆ ಒಂದು ಮಾತ್ರೆ ನುಂಗುವುದು ಅವರಿಗೆ ಬೇಸರದ ಕೆಲಸ. ‘ಕಬರಸ್ತಾನಕ್ಕೆ ಹೋಗುವವರೆಗೂ ಇದು ನನ್ನ ಬಿಡೋದಿಲ್ಲ ಬೇಟಾ’ ಎಂದು ನಗುತ್ತಲೇ ದೂರುತ್ತಿದ್ದರು. ಹಾಗಾಗಿ ಆ ಕರಪತ್ರ ಅವರಿಗೆ ತುಂಬಾ ಹಿಡಿಸಿತು.

ಆಟೋದಲ್ಲಿ ಅವರನ್ನು ಕರೆದುಕೊಂಡು ಹೋಗುತ್ತಿದ್ದುದು ನಾನೇ. ಒಟ್ಟು ಹನ್ನೆರಡು ಸಲ ಹೋದೆವು. ಪ್ರತಿ ಸಲವೂ ಕಿವಿ, ಕೈ, ಕಾಲಿಗೆ ಕೂದಲಿನಷ್ಟು ತೆಳುವಾದ ಸೂಜಿ ಚುಚ್ಚಿ, ಅರ್ಧ ಗಂಟೆ ಮಲಗಿಸಿ, ಆಮೇಲೆ ಬಿಪಿ ನೋಡುತ್ತಿದ್ದರು. ಬರುವಾಗ 150 ಇದ್ದದ್ದು ಹೋಗುವಾಗ 138 ಆಗುತ್ತಿತ್ತು. ಆರು ವಾರದ ನಂತರ ‘ಇನ್ನು ಮಾತ್ರೆ ಬೇಕಿಲ್ಲ’ ಎಂದರು. ನಾನಿ ಮಾತ್ರೆ ನಿಲ್ಲಿಸಿದರು. ಪಿಸಿಎಂಬಿ ಓದುತ್ತಿರುವ ನನಗೆ ಅದು ಗೊತ್ತಿತ್ತು. ನಾನು ಏನೂ ಕೇಳಲಿಲ್ಲ.

ಎರಡು ತಿಂಗಳ ನಂತರ ಒಂದು ದಿನ ಫಜರ್ ನಮಾಜಿಗೆ ವುಜೂ ಮಾಡುವಾಗ ನಾನಿಯ ಬಲಗೈಯಿಂದ ಚೊಂಬು ಜಾರಿ ಬಿತ್ತು. ಎತ್ತಲು ಹೋದರೆ ಬೆರಳು ಮಡಚಲಿಲ್ಲ, ಮಾತು ತೊದಲಿತು. ಮಾಮು ಆಸ್ಪತ್ರೆಗೆ ಒಯ್ದಾಗ ಬಿಪಿ 210ರ ಮೇಲಿತ್ತು. ಅಲ್ಲಾಹನ ದಯೆ, ಒಂದು ಗಂಟೆಯೊಳಗೆ ಕೈ ಸರಿಹೋಯಿತು. ‘ಇದು ಲಕ್ವ ಹೊಡೆಯುವ ಮುಂಚಿನ ಎಚ್ಚರಿಕೆ. ಎಲ್ಲರಿಗೂ ಈ ಎಚ್ಚರಿಕೆ ಸಿಗುವುದಿಲ್ಲ’ ಎಂದರು ಡಾಕ್ಟರು.

ಅಂದಿನಿಂದ ನಾನು ಈ ಚೀನೀ ಚಿಕಿತ್ಸೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ಬೈಯಲು ಕಾರಣ ಹುಡುಕುತ್ತಾ ಓದಲು ಶುರು ಮಾಡಿದವಳು ಬೇರೆಯೇ ಒಂದು ತೀರ್ಮಾನಕ್ಕೆ ಬಂದೆ. ಚೀನಾದ ಹೆಸರು ಹೇಳಿ ಇಲ್ಲಿ ಮಾತ್ರೆ ಬಿಡಿಸುವವರು, ಚೀನಾ ತನ್ನ ಜನರ ಬಿಪಿಗೆ ನಿಜವಾಗಿ ಏನು ಮಾಡುತ್ತಿದೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಅದನ್ನು ನಿಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶ.

ನಾಡಿಗೆ ಸಿಗದ ರೋಗ

ಮೊದಲಿಗೆ ಒಂದು ಸರಳ ಸಂಗತಿ. ಹಳೆಯ ಚೀನೀ ವೈದ್ಯ ಗ್ರಂಥಗಳಲ್ಲಿ ‘ರಕ್ತದೊತ್ತಡ’ ಎಂಬ ರೋಗವೇ ಇಲ್ಲ. ಇರಲು ಸಾಧ್ಯವೂ ಇರಲಿಲ್ಲ. ತೋಳಿಗೆ ಪಟ್ಟಿ ಸುತ್ತಿ ಒತ್ತಡ ಅಳೆಯುವ ಉಪಕರಣವನ್ನು ಇಟಲಿಯ ರೀವಾ ರೊಚ್ಚಿ ರೂಪಿಸಿದ್ದು 1896ರಲ್ಲಿ. ಸ್ಟೆತಸ್ಕೋಪ್ ಇಟ್ಟು ಮೇಲಿನ ಮತ್ತು ಕೆಳಗಿನ ಅಂಕಿ ಎರಡನ್ನೂ ಕೇಳುವ ವಿಧಾನವನ್ನು ರಷ್ಯಾದ ಕೊರೊಟ್ಕಾಫ್ ತೋರಿಸಿದ್ದು 1905ರಲ್ಲಿ. ಆ ಹಳೆಯ ಗ್ರಂಥಗಳ ಕಾಲದಲ್ಲಿ ಯಾವ ದೇಶದ ವೈದ್ಯರಿಗೂ, ಹಕೀಮರಿಗೂ ಈ ಅಂಕಿ ಗೊತ್ತಿರಲಿಲ್ಲ.

ಚೀನೀ ವೈದ್ಯರು ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ನಾಡಿ ನೋಡುತ್ತಿದ್ದರು. ತಲೆಸುತ್ತು, ತಲೆನೋವು, ಮುಖ ಕೆಂಪಾಗುವುದು, ಬೇಗ ಸಿಟ್ಟು ಬರುವುದು ಇಂಥ ಲಕ್ಷಣಗಳನ್ನು ಸೇರಿಸಿ ‘ಯಕೃತ್ತಿನ ಯಾಂಗ್ ಮೇಲೇರಿದೆ’ ಎನ್ನುತ್ತಿದ್ದರು. ಯಾಂಗ್ ಎಂದರೆ ಬಿಸಿಯ, ಚಲನೆಯ ಗುಣ. ಅದನ್ನು ತಂಪು ಮಾಡಿ ಕೆಳಗಿಳಿಸಲು ಸೂಜಿ, ಕಷಾಯ ಕೊಡುತ್ತಿದ್ದರು. ಇಂದು ಬಿಪಿಗೆ ಚೀನೀ ಪದ್ಧತಿಯಲ್ಲಿ ಚಿಕಿತ್ಸೆ ಕೊಡುವವರು ಬಹುತೇಕ ಈ ಹಳೆಯ ಲಕ್ಷಣಗಳ ಚೌಕಟ್ಟನ್ನೇ ಹೊಸ ಅಂಕಿಗೆ ಜೋಡಿಸುತ್ತಾರೆ.

ತೊಡಕು ಇರುವುದು ಇಲ್ಲೇ. ಬಿಪಿ ಹೆಚ್ಚಾದವರಲ್ಲಿ ಬಹಳ ಮಂದಿಗೆ ಯಾವ ಲಕ್ಷಣವೂ ಇರುವುದಿಲ್ಲ. 140/90 ದಾಟಿದರೆ ಅಧಿಕ ರಕ್ತದೊತ್ತಡ ಎಂದು ಪ್ರಥಮ ಪಿಯುಸಿಯಲ್ಲೇ ಓದಿದ್ದೇವೆ. ಆದರೆ ನಾನಿಗೆ 180 ಇದ್ದ ದಿನವೂ ಬಿರಿಯಾನಿಗೆ ಈರುಳ್ಳಿ ಹೆಚ್ಚುತ್ತಾ ಹಾಯಾಗಿದ್ದರು. ತಲೆಸುತ್ತು ಹೋಯಿತು, ನಿದ್ದೆ ಚೆನ್ನಾಗಿ ಬಂತು ಎಂದ ಮಾತ್ರಕ್ಕೆ ಒತ್ತಡ ಇಳಿದಿದೆ ಎನ್ನಲಾಗದು.

ಸೂಜಿಯನ್ನು ಪರೀಕ್ಷಿಸಿದಾಗ

ಸೂಜಿಯಿಂದ ಬಿಪಿ ಇಳಿಯುತ್ತದೆಯೇ? ಇದನ್ನು ಪರೀಕ್ಷಿಸುವುದು ಮಾತ್ರೆಯನ್ನು ಪರೀಕ್ಷಿಸುವಷ್ಟು ಸುಲಭವಲ್ಲ. ಹುಸಿ ಮಾತ್ರೆ ಕೊಡಬಹುದು, ಆದರೆ ಹುಸಿ ಸೂಜಿ? ಸಂಶೋಧಕರು ಅದಕ್ಕೂ ದಾರಿ ಕಂಡುಕೊಂಡರು. ಚೀನೀ ಪದ್ಧತಿ ಹೇಳುವ ಬಿಂದುಗಳನ್ನು ಬಿಟ್ಟು, ಬೇರೆ ಜಾಗದಲ್ಲಿ ಸೂಜಿ ಚುಚ್ಚುವುದು. ರೋಗಿಗೆ ಎರಡರ ವ್ಯತ್ಯಾಸ ಗೊತ್ತಾಗುವುದಿಲ್ಲ.

2006ರಲ್ಲಿ ಅಮೆರಿಕದ ಸಂಶೋಧಕರು 192 ಮಂದಿಯ ಮೇಲೆ ಇಂಥ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ನನ್ನ ನಾನಿಗೆ ಮಾಡಿದ ಹಾಗೇ ಹೆಚ್ಚೆಂದರೆ ಹನ್ನೆರಡು ಸಲ ಸೂಜಿ. ಹತ್ತನೇ ವಾರದಲ್ಲಿ ನೋಡಿದರೆ ನಿಜ ಸೂಜಿಯವರಿಗೂ ಹುಸಿ ಸೂಜಿಯವರಿಗೂ ಮೇಲಿನ ಅಂಕಿ ನಾಲ್ಕು ಪಾಯಿಂಟಿನ ಆಸುಪಾಸಿನಲ್ಲಿ ಇಳಿದಿತ್ತು. ಇಬ್ಬರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಅಂದರೆ ಬಿಂದುವಿನ ಮಹಿಮೆ ಅಲ್ಲಿ ಕಾಣಲಿಲ್ಲ.

ಮರುವರ್ಷ ಜರ್ಮನಿಯ ಪ್ರಯೋಗ ಬೇರೆ ಮಾತು ಹೇಳಿತು. 160 ಮಂದಿ, ಆರು ವಾರದಲ್ಲಿ 22 ಸಲ ಸೂಜಿ. ದಿನವಿಡೀ ಬಿಪಿ ಅಳೆಯುವ ಯಂತ್ರ ಕಟ್ಟಿ ನೋಡಿದರು. ನಿಜ ಸೂಜಿಯವರಿಗೆ ಮೇಲಿನ ಅಂಕಿ ಸುಮಾರು ಐದು ಪಾಯಿಂಟ್ ಇಳಿಯಿತು, ಹುಸಿ ಸೂಜಿಯವರಿಗೆ ಇಳಿಯಲಿಲ್ಲ. ಸೂಜಿಯ ಪರ ಇರುವವರು ಇಲ್ಲಿಗೆ ಓದುವುದು ನಿಲ್ಲಿಸುತ್ತಾರೆ. ಮುಂದಿನ ಸಾಲನ್ನೂ ಓದಬೇಕು. ಚಿಕಿತ್ಸೆ ನಿಲ್ಲಿಸಿ ಮೂರು ತಿಂಗಳಾದ ಮೇಲೆ ನೋಡಿದರೆ ಬಿಪಿ ಮೊದಲಿದ್ದಲ್ಲಿಗೇ ಬಂದಿತ್ತು.

ಇಂಥ 22 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ ಕಾಕ್ರೇನ್ ವಿಮರ್ಶೆ 2018ರಲ್ಲಿ ಬಂತು. ದೀರ್ಘಕಾಲದ ಬಿಪಿ ನಿರ್ವಹಣೆಗೆ ಬೇಕಾದಷ್ಟು ಕಾಲ ಒತ್ತಡವನ್ನು ತಗ್ಗಿಸಿಡುತ್ತದೆ ಎನ್ನಲು ಸಾಕ್ಷ್ಯವಿಲ್ಲ ಎಂಬುದು ಅದರ ತೀರ್ಮಾನ.

ಹಾಗಾದರೆ ಶಾದಿ ಮಹಲ್‌ನಲ್ಲಿ ಪ್ರತಿ ಸಲವೂ 150 ಇದ್ದದ್ದು 138 ಆಗಿದ್ದು ಹೇಗೆ? ಆಟೋ ಇಳಿದು, ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಾ ಕುಳಿತ ತಕ್ಷಣ ಒಮ್ಮೆ ಅಳೆದರು. ಅರ್ಧ ಗಂಟೆ ಫ್ಯಾನಿನ ಕೆಳಗೆ ಮಲಗಿದ ಮೇಲೆ ಇನ್ನೊಮ್ಮೆ ಅಳೆದರು. ಸೂಜಿಯೇ ಇಲ್ಲದಿದ್ದರೂ ಅಂಕಿ ಇಳಿಯುತ್ತಿತ್ತು. ಕೇಳಬೇಕಾದ ಪ್ರಶ್ನೆ ‘ಈಗ ಎಷ್ಟಿದೆ?’ ಎಂಬುದಲ್ಲ. ‘ಮುಂದಿನ ತಿಂಗಳು ಎಷ್ಟಿರುತ್ತದೆ, ಆಗ ಅಳೆಯುವವರು ಯಾರು?’ ಎಂಬುದು. ಶಿಬಿರದವರು ಮುಂದಿನ ತಿಂಗಳು ಬೇರೆ ಊರಿನಲ್ಲಿದ್ದರು.

ಗಿಡಮೂಲಿಕೆ ಎಂದರೆ ನಿರಪಾಯವೇ?

ಸೂಜಿಯಾದರೂ ಹೋಗಲಿ, ಚೀನೀ ಕಷಾಯ, ಗುಳಿಗೆಗಳ ವಿಷಯ ಇನ್ನೂ ಸೂಕ್ಷ್ಮ. ಬಿಪಿಗೆ ಅಲ್ಲಿ ಹೆಸರುವಾಸಿಯಾದ ಕಷಾಯ ‘ತಿಯಾನ್ಮಾ ಗೌಟೆಂಗ್’. ಒಂದು ಬಗೆಯ ಆರ್ಕಿಡ್ ಗೆಡ್ಡೆ, ಕೊಕ್ಕೆಯಂಥ ಮುಳ್ಳಿನ ಒಂದು ಬಳ್ಳಿ ಮತ್ತು ಇತರ ಮೂಲಿಕೆಗಳನ್ನು ಕುದಿಸಿ ಮಾಡುತ್ತಾರೆ. 2012ರಲ್ಲಿ ಇದರ ಬಗ್ಗೆ ವಿಮರ್ಶೆ ಮಾಡಲು ಹೊರಟವರಿಗೆ ತಮ್ಮ ಅಳತೆಗೆ ನಿಲ್ಲುವ ಒಂದು ಪ್ರಯೋಗವೂ ಸಿಗಲಿಲ್ಲ. ಕೆಲಸ ಮಾಡುವುದಿಲ್ಲ ಎಂದು ಇದರ ಅರ್ಥವಲ್ಲ. ಸರಿಯಾಗಿ ಪರೀಕ್ಷಿಸಿಲ್ಲ ಎಂದಷ್ಟೇ ಅರ್ಥ.

ನನಗೆ ಅಚ್ಚರಿ ತಂದದ್ದು ‘ಝೆನ್‌ಜು ಜಿಯಾಂಗ್ಯಾ’ ಎಂಬ ಗುಳಿಗೆ. ಚೀನಾದಲ್ಲಿ ಸಾಂಪ್ರದಾಯಿಕ ಔಷಧವೆಂದೇ ಮಾರಾಟವಾಗುತ್ತದೆ. ಹೆಸರಿನಲ್ಲಿ ಮುತ್ತು ಮತ್ತು ಸೇವಂತಿಗೆ ಇವೆ, ಒಳಗೂ ಮುತ್ತಿನ ಚಿಪ್ಪಿನ ಪುಡಿ ಮತ್ತು ಕಾಡು ಸೇವಂತಿಗೆಯ ಸಾರ ಇವೆ. ಅವುಗಳ ಜೊತೆಗೆ ಕ್ಲೋನಿಡಿನ್ ಮತ್ತು ಹೈಡ್ರೋಕ್ಲೋರೋಥಯಜೈಡ್ ಕೂಡ ಇವೆ. ಇವೆರಡೂ ನಮ್ಮ ಮೆಡಿಕಲ್ ಶಾಪಿನಲ್ಲಿ ಸಿಗುವ ‘ಇಂಗ್ಲಿಷ್’ ಬಿಪಿ ಔಷಧಗಳೇ! ಇದು ಕದ್ದು ಬೆರೆಸಿದ್ದಲ್ಲ, ಅದರ ಅಧಿಕೃತ ಸೂತ್ರವೇ ಹಾಗಿದೆ. ಕ್ಲೋನಿಡಿನ್ ತೆಗೆದುಕೊಳ್ಳುತ್ತಿದ್ದವರು ಅದನ್ನು ಒಮ್ಮೆಲೇ ನಿಲ್ಲಿಸಿದರೆ ಬಿಪಿ ಮೊದಲಿಗಿಂತ ಮೇಲಕ್ಕೆ ಹಾರಬಹುದು. ಮೂಲಿಕೆ ತಾನೇ, ಬಿಟ್ಟರೇನು ಎಂದುಕೊಂಡವರ ಗತಿ ಏನು?

ಇನ್ನು ಜೇಷ್ಠಮಧು. ಕೆಮ್ಮಿಗೆ ನಮ್ಮ ಮನೆಗಳಲ್ಲೂ ‘ಮುಲೇಠಿ’ ಎಂದು ಅಗಿಯಲು ಕೊಡುತ್ತಾರೆ. ಚೀನೀ ಕಷಾಯಗಳಲ್ಲಿ ಅತಿ ಹೆಚ್ಚು ಬಳಕೆಯಾಗುವ ಬೇರುಗಳಲ್ಲಿ ಅದೂ ಒಂದು. ಅದನ್ನು ಹೆಚ್ಚು ದಿನ, ಹೆಚ್ಚು ಪ್ರಮಾಣದಲ್ಲಿ ತೆಗೆದುಕೊಂಡರೆ ದೇಹ ಉಪ್ಪನ್ನು ಹಿಡಿದಿಟ್ಟುಕೊಂಡು ಪೊಟ್ಯಾಸಿಯಂ ಕಳೆದುಕೊಳ್ಳುತ್ತದೆ, ಬಿಪಿ ಏರುತ್ತದೆ. ಅಲ್ಡೋಸ್ಟೆರಾನ್ ಹಾರ್ಮೋನಿನ ಕೆಲಸವನ್ನು ಓದಿದವರಿಗೆ ಇದು ಸುಲಭವಾಗಿ ಅರ್ಥವಾದೀತು. ಬಿಪಿ ಇಳಿಸಲೆಂದು ಕುಡಿಯುವ ಕಷಾಯದಲ್ಲೇ ಬಿಪಿ ಏರಿಸುವ ಬೇರು ಇರಬಹುದು.

ಎಲ್ಲಕ್ಕಿಂತ ಭಯಾನಕವಾದದ್ದು ಬೆಲ್ಜಿಯಂನ ಕಥೆ. ‘ಫಾಂಗ್‌ಜಿ’ ಎಂಬ ಚೀನೀ ಬೇರು ಇದೆ. ಅದರಲ್ಲಿರುವ ಟೆಟ್ರಾಂಡ್ರಿನ್‌ಗೆ ರಕ್ತನಾಳ ಸಡಿಲಿಸುವ ಗುಣವಿದೆ. ಹೆಚ್ಚುಕಡಿಮೆ ಅದೇ ಹೆಸರಿನ ‘ಗುವಾಂಗ್ ಫಾಂಗ್‌ಜಿ’ ಎಂಬ ಇನ್ನೊಂದು ಬೇರು ನಮ್ಮ ಈಶ್ವರಿ ಬಳ್ಳಿಯ ಕುಲಕ್ಕೆ ಸೇರಿದ್ದು, ಕಿಡ್ನಿಗೆ ವಿಷ. 1990ರ ದಶಕದ ಆರಂಭದಲ್ಲಿ ಬ್ರಸೆಲ್ಸ್‌ನಲ್ಲಿ ತೂಕ ಇಳಿಸುವ ಗುಳಿಗೆಗಳಲ್ಲಿ ಮೊದಲನೆಯದರ ಜಾಗಕ್ಕೆ ಎರಡನೆಯದು ಸೇರಿಬಿಟ್ಟಿತು. ನೂರಕ್ಕೂ ಹೆಚ್ಚು ಮಹಿಳೆಯರ ಕಿಡ್ನಿ ಹಾಳಾಯಿತು, ಅನೇಕರಿಗೆ ಡಯಾಲಿಸಿಸ್ ಇಲ್ಲವೇ ಕಿಡ್ನಿ ಕಸಿಯೇ ಗತಿಯಾಯಿತು. ಒಂದು ಹೆಸರಿನ ಗೊಂದಲಕ್ಕೆ ಇಷ್ಟು ದೊಡ್ಡ ಬೆಲೆ.

ಗೌರವಿಸಬೇಕಾದದ್ದೂ ಇದೆ

ಇಷ್ಟು ಹೇಳಿ ನಿಲ್ಲಿಸಿದರೆ ಅನ್ಯಾಯವಾಗುತ್ತದೆ. ಚೀನೀ ಪರಂಪರೆಯಲ್ಲಿ ಅಳತೆಗೆ ನಿಂತದ್ದೂ ಇದೆ. ಮುಂಜಾನೆ ಉದ್ಯಾನಗಳಲ್ಲಿ ಹಿರಿಯರು ನಿಧಾನವಾಗಿ ಕೈಕಾಲು ಆಡಿಸುತ್ತಾ ಮಾಡುವ ತೈ ಚಿ ಅಭ್ಯಾಸವನ್ನು ವಿಡಿಯೋಗಳಲ್ಲಿ ನೋಡಿರುತ್ತೀರಿ. ಬೀಜಿಂಗ್‌ನಲ್ಲಿ ಬಿಪಿಯ ಹೊಸ್ತಿಲಲ್ಲಿದ್ದ 342 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ತೈ ಚಿ, ಇನ್ನೊಂದಕ್ಕೆ ಬಿರುಸಿನ ನಡಿಗೆ, ಸೈಕಲ್‌ನಂಥ ವ್ಯಾಯಾಮ. ವಾರಕ್ಕೆ ನಾಲ್ಕು ದಿನ, ದಿನಕ್ಕೆ ಒಂದು ಗಂಟೆ. ಒಂದು ವರ್ಷದ ನಂತರ ತೈ ಚಿ ಗುಂಪಿನಲ್ಲಿ ಮೇಲಿನ ಅಂಕಿ ಸರಾಸರಿ 7 ಪಾಯಿಂಟ್ ಇಳಿದಿತ್ತು, ವ್ಯಾಯಾಮದ ಗುಂಪಿನಲ್ಲಿ ಸುಮಾರು 4.6. ಇದು 2024ರಲ್ಲಿ ಪ್ರಕಟವಾಯಿತು. ಅವರಿನ್ನೂ ಮಾತ್ರೆಯ ಹಂತಕ್ಕೆ ಬಂದಿರದ ಜನ ಎಂಬುದನ್ನು ಮರೆಯಬಾರದು. ಆದರೂ ಮಂಡಿನೋವಿರುವ ಹಿರಿಯರಿಗೂ ಮಾಡಲಾಗುವ ಅಭ್ಯಾಸ ಇಷ್ಟು ಫಲ ಕೊಡುವುದು ಸಣ್ಣ ಮಾತಲ್ಲ.

ಗಿಡದಲ್ಲಿ ಔಷಧವಿಲ್ಲ ಎಂದು ನಾನು ಹೇಳುತ್ತಿಲ್ಲ. ಚೀನಾದ ತೂ ಯೂಯೂ ಹಳೆಯ ವೈದ್ಯ ಗ್ರಂಥದ ಸುಳಿವು ಹಿಡಿದು ಮಲೇರಿಯಾಕ್ಕೆ ಆರ್ಟೆಮಿಸಿನಿನ್ ಕಂಡುಹಿಡಿದರು, 2015ರಲ್ಲಿ ನೊಬೆಲ್ ಪಡೆದರು. ಬಿಪಿಯ ವಿಷಯದಲ್ಲಿ ಇಂಥದ್ದೇ ಕಥೆ ನಮ್ಮದೇ ನೆಲದ್ದು. ಜೀವವೈವಿಧ್ಯದ ಪಾಠದಲ್ಲಿ ರೆಸರ್ಪಿನ್ ಎಂಬ ಹೆಸರು ಓದಿದ್ದೀರಲ್ಲ, ಅದು ಸರ್ಪಗಂಧದ ಕುಲದ ಗಿಡಗಳಲ್ಲಿರುವ ವಸ್ತು. ಹಕೀಮ್ ಅಜ್ಮಲ್ ಖಾನ್ ಅವರ ಪ್ರೋತ್ಸಾಹದಿಂದ ದೆಹಲಿಯ ತಿಬ್ಬಿಯಾ ಕಾಲೇಜಿನಲ್ಲಿ ಸಂಶೋಧನೆಗೆ ಇಳಿದ ಸಲೀಮುಜ್ಜಮಾನ್ ಸಿದ್ದೀಕಿ 1931ರಲ್ಲಿ ಸರ್ಪಗಂಧದ ಬೇರಿನಿಂದ ಒಂದು ಕ್ಷಾರವಸ್ತುವನ್ನು ಬೇರ್ಪಡಿಸಿ, ಹಕೀಮರ ನೆನಪಿಗೆ ‘ಅಜ್ಮಲಿನ್’ ಎಂದು ಹೆಸರಿಟ್ಟರು. 1949ರಲ್ಲಿ ಮುಂಬಯಿಯ ಡಾ. ರುಸ್ತಂ ಜಾಲ್ ವಕೀಲ್ ಸರ್ಪಗಂಧ ಬಿಪಿ ಇಳಿಸುವುದನ್ನು ರೋಗಿಗಳಲ್ಲಿ ಅಳೆದು ಬ್ರಿಟನ್ನಿನ ವೈದ್ಯ ಪತ್ರಿಕೆಯಲ್ಲಿ ಪ್ರಕಟಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಅದರಿಂದ ರೆಸರ್ಪಿನ್ ಬೇರ್ಪಟ್ಟಿತು. ಚೀನಾದಲ್ಲಿ ಪ್ರಸಿದ್ಧವಾದ ‘ಬೀಜಿಂಗ್ ಸೊನ್ನೆ ನಂಬರ್’ ಎಂಬ ಬಿಪಿ ಮಾತ್ರೆಯಲ್ಲಿ ಇರುವುದು ಇದೇ ರೆಸರ್ಪಿನ್ ಮತ್ತು ಬೇರೆ ಮೂರು ಔಷಧಗಳು.

ಈ ಕಥೆಗಳಲ್ಲೆಲ್ಲ ಒಂದು ಸಂಗತಿ ಸಮಾನ. ಯಾರೂ ‘ಸಾವಿರಾರು ವರ್ಷ ಹಳೆಯದು, ಆದ್ದರಿಂದ ನಂಬಿ’ ಎನ್ನಲಿಲ್ಲ. ಅಳೆದರು, ಬರೆದಿಟ್ಟರು, ತಪ್ಪಿದ್ದರೆ ತಿದ್ದಿ ಎಂದು ಜಗತ್ತಿನ ಮುಂದಿಟ್ಟರು.

ಚೀನಾ ತನ್ನ ಹಳ್ಳಿಗಳಲ್ಲಿ ಮಾಡಿದ್ದು

ಈಗ ಮುಖ್ಯ ಮಾತಿಗೆ ಬರುತ್ತೇನೆ. ಚೀನಾದ 326 ಹಳ್ಳಿಗಳಲ್ಲಿ 40 ವರ್ಷ ದಾಟಿದ ಸುಮಾರು 34,000 ಬಿಪಿ ರೋಗಿಗಳ ಮೇಲೆ ಒಂದು ದೊಡ್ಡ ಪ್ರಯೋಗ ನಡೆಯಿತು. ಅರ್ಧದಷ್ಟು ಹಳ್ಳಿಗಳಲ್ಲಿ ‘ಗ್ರಾಮ ವೈದ್ಯ’ರಿಗೆ ತರಬೇತಿ ಕೊಟ್ಟರು. ಇವರು ಹಿಂದಿನ ‘ಬರಿಗಾಲ ವೈದ್ಯ’ರ ಪರಂಪರೆಯವರು, ದೊಡ್ಡ ಪದವಿಯವರಲ್ಲ. ಅವರು ಮಾಡಿದ್ದಿಷ್ಟೇ: ತಪ್ಪದೆ ಬಿಪಿ ನೋಡುವುದು, ನಿಗದಿತ ಕ್ರಮದಲ್ಲಿ ಅಗ್ಗದ ಅಥವಾ ಉಚಿತ ಮಾತ್ರೆ ಕೊಡುವುದು, ಮನೆಯಲ್ಲೂ ಅಳೆಯಲು ಕಲಿಸುವುದು, ಉಪ್ಪು ಕಡಿಮೆ ಮಾಡಿ ಎಂದು ಮತ್ತೆ ಮತ್ತೆ ಹೇಳುವುದು. ಹದಿನೆಂಟು ತಿಂಗಳಾದಾಗ ಆ ಹಳ್ಳಿಗಳಲ್ಲಿ ನೂರಕ್ಕೆ 57 ಮಂದಿಯ ಬಿಪಿ 130/80ರ ಕೆಳಗೆ ಬಂದಿತ್ತು. ಉಳಿದ ಹಳ್ಳಿಗಳಲ್ಲಿ ನೂರಕ್ಕೆ 20. ಮೂರು ವರ್ಷದ ಲೆಕ್ಕದಲ್ಲಿ ಹೃದಯಾಘಾತ, ಲಕ್ವದಂಥ ಅನಾಹುತಗಳು ಮೂರನೇ ಒಂದು ಭಾಗ ಕಡಿಮೆಯಾಗಿದ್ದವು.

ಇನ್ನೊಂದು ಪ್ರಯೋಗ ಅಡುಗೆಮನೆಯದು. 600 ಹಳ್ಳಿಗಳ ಸುಮಾರು 21,000 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಮಾಮೂಲಿ ಉಪ್ಪಿನ ಬದಲು ಕಾಲು ಭಾಗ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಉಪ್ಪು ಕೊಟ್ಟರು. ಐದು ವರ್ಷದ ಹತ್ತಿರ ನಡೆದ ಈ ಪ್ರಯೋಗದ ಫಲಿತಾಂಶ 2021ರಲ್ಲಿ ಬಂತು. ಲಕ್ವ ಶೇಕಡಾ 14ರಷ್ಟು ಕಡಿಮೆ. ಕಿಡ್ನಿ ತೊಂದರೆ ಇರುವವರು ಇಂಥ ಉಪ್ಪನ್ನು ಡಾಕ್ಟರನ್ನು ಕೇಳದೆ ಬಳಸಬಾರದು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಸೂಜಿಯ ತವರಿನಲ್ಲೇ ಹಲವರನ್ನು ಲಕ್ವದಿಂದ ಉಳಿಸಿದ್ದು ಬಿಪಿ ಯಂತ್ರ, ಮಾತ್ರೆ, ಉಪ್ಪಿನ ಡಬ್ಬಿ ಮತ್ತು ಬಾಗಿಲಿಗೆ ಬಂದು ವಿಚಾರಿಸುವ ಒಬ್ಬ ಮನುಷ್ಯ. ನಮ್ಮೂರಿನ ಕರಪತ್ರದಲ್ಲಿ ಇದರ ಒಂದು ಸಾಲೂ ಇರಲಿಲ್ಲ.

ನಮ್ಮ ಮನೆಗಳ ಮಾತು

‘ಮಾತ್ರೆಯಿಂದ ಅಡ್ಡಪರಿಣಾಮ ಇಲ್ಲವೇ?’ ಎಂದು ಕೇಳುವವರಿದ್ದಾರೆ. ಇದೆ. ಕೆಲವರಿಗೆ ಕಾಲು ಊದುತ್ತದೆ, ಕೆಲವರಿಗೆ ಒಣಕೆಮ್ಮು ಬರುತ್ತದೆ. ಅದಕ್ಕೆ ಉತ್ತರ ಮಾತ್ರೆ ಬಿಡುವುದಲ್ಲ, ಡಾಕ್ಟರಿಗೆ ಹೇಳಿ ಬದಲಾಯಿಸಿಕೊಳ್ಳುವುದು. ಬಿಪಿಗೆ ಹಲವು ಬಗೆಯ ಮಾತ್ರೆಗಳಿವೆ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿಯೂ ಸಿಗುತ್ತವೆ.

‘ಹಾಗಾದರೆ ಹಿಜಾಮಾ?’ ಎಂದು ನನ್ನ ಗೆಳತಿಯೊಬ್ಬಳು ಕೇಳಿದಳು. ಕಪ್ ಹಾಕುವ ಪದ್ಧತಿ ಚೀನಾದಲ್ಲೂ ಹಳೆಯದು, ನಮ್ಮಲ್ಲೂ ಗೌರವದ್ದು. ಸೌದಿ ಅರೇಬಿಯಾದಲ್ಲಿ 80 ಮಂದಿ ಬಿಪಿ ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿದಾಗ ನಾಲ್ಕನೇ ವಾರದಲ್ಲಿ ಅಂಕಿ ಇಳಿದಿತ್ತು, ಎಂಟನೇ ವಾರದಲ್ಲಿ ಆ ವ್ಯತ್ಯಾಸ ಉಳಿದಿರಲಿಲ್ಲ. ನಂಬಿಕೆಯಿಂದ ಮಾಡಿಸಿಕೊಳ್ಳುವವರು, ಶುಚಿಯಾಗಿ ಮಾಡುವ ತಿಳಿದವರ ಬಳಿ ಮಾಡಿಸಿಕೊಳ್ಳಲಿ. ಆದರೆ ಅದರ ಹೆಸರಿನಲ್ಲಿ ಮಾತ್ರೆ ನಿಲ್ಲಿಸಬಾರದು. ಸೂಜಿಗೆ ಹಾಕಿದ ಅಳತೆಗೋಲನ್ನೇ ನಮ್ಮದಕ್ಕೂ ಹಾಕದಿದ್ದರೆ ನಾನು ಇಷ್ಟು ಹೊತ್ತು ಹೇಳಿದ್ದಕ್ಕೆ ಬೆಲೆಯಿಲ್ಲ.

ಶಿಬಿರದವರಿಂದ ಕಲಿಯಬೇಕಾದ ಒಂದು ಪಾಠವೂ ಇದೆ. ನಾನಿ ಈಗಲೂ ಅವರನ್ನು ಬೈಯುವುದಿಲ್ಲ. ‘ಅರ್ಧ ಗಂಟೆ ಕೂತು ನನ್ನ ಮಾತು ಕೇಳಿದರು ಬೇಟಾ’ ಎನ್ನುತ್ತಾರೆ. ಆಸ್ಪತ್ರೆಯಲ್ಲಿ ಎರಡು ಗಂಟೆ ಕಾದರೆ ಡಾಕ್ಟರು ಸಿಗುವುದು ಎರಡು ನಿಮಿಷ. ಈ ಮಾತ್ರೆ ಯಾಕೆ, ಬಿಟ್ಟರೆ ಏನಾಗುತ್ತದೆ ಎಂದು ಹನ್ನೊಂದು ವರ್ಷದಲ್ಲಿ ಅವರಿಗೆ ಯಾರೂ ಕೂತು ಹೇಳಿರಲಿಲ್ಲ. ಆ ಖಾಲಿ ಜಾಗಕ್ಕೆ ಕರಪತ್ರ ಬಂತು. ಆ ಜಾಗವನ್ನು ನಾವು ತುಂಬಬಹುದು. ಚೀನಾದ ಗ್ರಾಮ ವೈದ್ಯರು ಮಾಡಿದ್ದರಲ್ಲಿ ಅಳೆಯುವುದು, ಬರೆದಿಡುವುದು, ನೆನಪಿಸುವುದು, ಇಷ್ಟನ್ನಾದರೂ ಹದಿನೇಳು ವರ್ಷದ ನಾವು ಮಾಡಬಲ್ಲೆವು.

ಆದ್ದರಿಂದ ಪ್ರಾಂಶುಪಾಲರಲ್ಲಿ ಮತ್ತು ಎನ್ನೆಸ್ಸೆಸ್ ಘಟಕದಲ್ಲಿ ನನ್ನದೊಂದು ವಿನಂತಿ. ಕಾಲೇಜಿಗೆ ಎರಡು ಬಿಪಿ ಯಂತ್ರ ತರಿಸೋಣ. ಐದು ನಿಮಿಷ ಕೂರಿಸಿ, ಬೆನ್ನಿಗೆ ಆಸರೆ ಕೊಟ್ಟು, ತೋಳು ಎದೆಯ ಮಟ್ಟಕ್ಕಿಟ್ಟು, ಎರಡು ಸಲ ಅಳೆಯುವುದನ್ನು ಜೀವಶಾಸ್ತ್ರದ ಉಪನ್ಯಾಸಕರು ನಮಗೆಲ್ಲ ಕಲಿಸಲಿ. ವಿಜ್ಞಾನದವರಿಗಷ್ಟೇ ಅಲ್ಲ, ಕಲಾ ಮತ್ತು ವಾಣಿಜ್ಯ ವಿಭಾಗದವರಿಗೂ. ತಿಂಗಳಿಗೊಮ್ಮೆ ಪೋಷಕರು, ಅಜ್ಜ ಅಜ್ಜಿಯರು ಬಂದು ಅಳೆಸಿಕೊಳ್ಳಲಿ. ಹೆಚ್ಚಿದ್ದರೆ ಆರೋಗ್ಯ ಕೇಂದ್ರಕ್ಕೆ ಕಳಿಸೋಣ. ಔಷಧ ಹೇಳುವುದು ನಮ್ಮ ಕೆಲಸವಲ್ಲ.

ನಾನಿ ಈಗ ಮಾತ್ರೆ ತಪ್ಪಿಸುವುದಿಲ್ಲ. ಉಪ್ಪಿನಕಾಯಿ ಜಾಡಿ ಕಪಾಟಿನ ಮೇಲಿನ ಗೂಡಿಗೆ ಹೋಗಿದೆ. ಅಸರ್ ನಮಾಜಿನ ನಂತರ ಟೆರೇಸಿನ ಮೇಲೆ ನಾವಿಬ್ಬರೂ ಮೊಬೈಲ್ ನೋಡಿಕೊಂಡು ತೈ ಚಿ ಮಾಡುತ್ತೇವೆ. ಪಕ್ಕದ ಮನೆಯವರು ನಗುತ್ತಾರೆ, ನಗಲಿ. ಪ್ರತಿ ಭಾನುವಾರ ಅವರ ಬಿಪಿ ಅಳೆದು ಹಳೆಯ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಹೋದ ಭಾನುವಾರ 134/82 ಇತ್ತು.

ನಿಮ್ಮ ಮನೆಯ ಹಿರಿಯರ ಬಿಪಿ ಎಷ್ಟಿದೆ? ಗೊತ್ತಿಲ್ಲದಿದ್ದರೆ ಇವತ್ತು ಮನೆಗೆ ಹೋಗಿ ಕೇಳಿ. ‘ಮಾತ್ರೆ ತಗೊಂಡ್ರಾ?’ ಎಂದೂ ಕೇಳಿ. ನಾನು ಕೇಳಬೇಕಿದ್ದ ಹೊತ್ತಿನಲ್ಲಿ ಕೇಳಿರಲಿಲ್ಲ.

– ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗದ ವಿದ್ಯಾರ್ಥಿನಿ